ಅಂಕಿಗಳ ಅಭ್ಯಾಸ: ದತ್ತಾಂಶ ವಿಜ್ಞಾನವನ್ನು ಕಲಿಯಬಯಸುವವರಿಗೆ

ಪ್ರತಿವರ್ಷವೂ ಬೇಸಗೆ ಮುಗಿದು ಮುಂಗಾರಿನ ಮೊದಲ ಹನಿಗಳು ಸಂಪಿಗೆ ರಸ್ತೆಯ ಮೇಲೆ ಬೀಳುವ ಹೊತ್ತಿಗೆ, ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿರುವ ಪದವಿಪೂರ್ವ ಶಿಕ್ಷಣ ಇಲಾಖೆಯ ಹಾಗೂ ಪರೀಕ್ಷಾ ಪ್ರಾಧಿಕಾರದ ಕಚೇರಿಗಳ ಎದುರಿಗೆ, ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಎದೆಗೊತ್ತಿಕೊಂಡು ನಿಂತ ತಂದೆತಾಯಿಗಳೂ, ಅವರ ಪಕ್ಕದಲ್ಲಿ ಮಾತಿಲ್ಲದೆ ನಿಂತ ಮಕ್ಕಳೂ ಕಾಣಸಿಗುತ್ತಾರೆ. ಅವರಲ್ಲಿ ಕೆಲವರು, ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನೆಂಬುದನ್ನು ಯಾರಿಂದಲೋ ಕೇಳಿ ತಿಳಿದು, ಬಸವನಗುಡಿಯ ನನ್ನ ಮನೆಯ ಹಜಾರಕ್ಕೂ ಬರುವುದುಂಟು. ಹತ್ತು ವರ್ಷಗಳ ಹಿಂದೆ ಅವರು ಕೇಳುತ್ತಿದ್ದುದು ಬೇರೆ; ಈಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಮೇಷ್ಟ್ರೇ, ಇವಳನ್ನು ಡೇಟಾ ಸೈನ್ಸಿಗೆ ಸೇರಿಸೋಣವೇ?”

ಈ ಪ್ರಶ್ನೆಗೆ ಹೌದೆಂದೋ ಅಲ್ಲವೆಂದೋ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ನ್ಯಾಯವಲ್ಲ. ಏಕೆಂದರೆ ಆ ಎರಡು ಪದಗಳ ಹೊದಿಕೆಯೊಳಗೆ ಹಲವು ಬಗೆಯ ವಿದ್ಯೆಗಳೂ, ಹಲವು ಬಗೆಯ ಉದ್ಯೋಗಗಳೂ, ಈಚೆಗೆ ಹಲವು ಬಗೆಯ ವ್ಯಾಪಾರಗಳೂ ಸೇರಿಕೊಂಡಿವೆ. ಆದಕಾರಣ ಬಂದವರಿಗೆ ಕಾಫಿ ಕೊಟ್ಟು ಕುಳ್ಳಿರಿಸಿ ನಾನು ಹೇಳತಕ್ಕ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ದತ್ತಾಂಶ ವಿಜ್ಞಾನವೆಂಬುದು ಆಕಾಶದಿಂದ ಉದುರಿದ ಹೊಸ ಶಾಸ್ತ್ರವಲ್ಲ. ಎಣಿಸುವುದು, ಅಳೆಯುವುದು, ಎಣಿಸಿದ್ದನ್ನೂ ಅಳೆದದ್ದನ್ನೂ ಕ್ರಮವಾಗಿ ಬರೆದಿಡುವುದು, ಬರೆದಿಟ್ಟುದರಿಂದ ಇನ್ನೂ ಕಾಣದ ಸಂಗತಿಯನ್ನು ಊಹಿಸುವುದು, ಮತ್ತು ಆ ಊಹೆಯಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನು ಪ್ರಾಮಾಣಿಕವಾಗಿ ಹೇಳುವುದು, ಇವಿಷ್ಟೂ ಸಂಖ್ಯಾಶಾಸ್ತ್ರದ ಹಳೆಯ ಕೆಲಸಗಳೇ. ಹೊಸತಾಗಿ ಒದಗಿದ್ದು ಗಾತ್ರ ಮತ್ತು ವೇಗ. ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿ: ಶತಮಾನದ ತಿರುವಿನಲ್ಲಿ, ಗ್ರಾಮಲೆಕ್ಕಿಗರು ಕೈಬರಹದಲ್ಲಿ ಇಟ್ಟಿದ್ದ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದವು, ಗಣಕಯಂತ್ರಕ್ಕೆ ಏರಿದವು. ಅಂಥ ರಾಶಿಯನ್ನು ಒಬ್ಬ ಮನುಷ್ಯನು ಜನ್ಮವೆಲ್ಲ ಕುಳಿತರೂ ಓದಿ ಮುಗಿಸಲಾರನು. ಇಂದು ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಮೊಬೈಲ್ ಸಂಸ್ಥೆಗಳಲ್ಲಿ ದಿನದಿನಕ್ಕೆ ಬೀಳುವ ರಾಶಿಯೋ ಅದಕ್ಕಿಂತ ಎಷ್ಟೋ ದೊಡ್ಡದು. ಒಂದು ಯಂತ್ರದಲ್ಲಿ ಹಿಡಿಸದ, ಒಂದು ಯಂತ್ರದಿಂದ ಸಕಾಲದಲ್ಲಿ ಲೆಕ್ಕಹಾಕಲಾಗದ ಇಂಥ ರಾಶಿಗೆ ಬೃಹತ್ ದತ್ತಾಂಶ, ಅಥವಾ ಬಳಕೆಯ ಮಾತಿನಲ್ಲಿ ಬಿಗ್ ಡೇಟಾ, ಎಂದು ಹೆಸರು.

ಅದನ್ನು ಪಳಗಿಸುವ ಉಪಾಯವೂ ನಮಗೆ ಅಪರಿಚಿತವಲ್ಲ. ಚುನಾವಣೆಯ ಮತ ಎಣಿಕೆಯ ದಿನ ಒಂದು ಕೊಠಡಿಯಲ್ಲಿ ಸಾಮಾನ್ಯವಾಗಿ 14 ಮೇಜುಗಳನ್ನು ಹಾಕಿ, ಪ್ರತಿ ಮೇಜಿನವರೂ ತಮ್ಮ ಪಾಲಿಗೆ ಬಂದ ಯಂತ್ರದ ಲೆಕ್ಕವನ್ನು ಮಾತ್ರ ತೆಗೆದು ಚೀಟಿಯಲ್ಲಿ ಬರೆದುಕೊಟ್ಟರೆ, ಚುನಾವಣಾಧಿಕಾರಿಯು ಆ ಚೀಟಿಗಳನ್ನಷ್ಟೇ ಕೂಡಿ ಸುತ್ತಿನ ಫಲಿತಾಂಶವನ್ನು ಸಾರುತ್ತಾನಲ್ಲವೇ? ಗೂಗಲ್ ಸಂಸ್ಥೆಯವರು 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ಎಂಬ ಪದ್ಧತಿಯ ತಿರುಳು ಇದೇ: ಕೆಲಸವನ್ನು ನೂರಾರು ಯಂತ್ರಗಳಿಗೆ ಹಂಚುವುದು, ಬಂದ ಉತ್ತರಗಳನ್ನು ಕೂಡಿಸುವುದು. ಅದರ ಆಧಾರದ ಮೇಲೆ 2006ರಲ್ಲಿ ರೂಪುಗೊಂಡ ಹಡೂಪ್ ತಂತ್ರಾಂಶಕ್ಕೆ, ಅದನ್ನು ಕಟ್ಟಿದವರಲ್ಲೊಬ್ಬನಾದ ಡಗ್ ಕಟಿಂಗ್ ತನ್ನ ಮಗನ ಆಟಿಕೆಯ ಹಳದಿ ಆನೆಯ ಹೆಸರನ್ನಿಟ್ಟನು. ಅನಂತರ ಬಂದ ಸ್ಪಾರ್ಕ್ ಇನ್ನೂ ಚುರುಕು. ಈ ಹೆಸರುಗಳಿಗೆ ವಿದ್ಯಾರ್ಥಿಯು ಬೆದರಬೇಕಾಗಿಲ್ಲ; ತತ್ತ್ವವನ್ನು ಅರಿತವನಿಗೆ ಸಾಧನವು ಕೆಲವು ವಾರಗಳ ಅಭ್ಯಾಸದ ಮಾತು, ತತ್ತ್ವವನ್ನು ಬಿಟ್ಟು ಸಾಧನವನ್ನು ಮಾತ್ರ ಕಲಿತವನ ವಿದ್ಯೆಯಾದರೋ ಆ ಸಾಧನವು ಹಳತಾದ ದಿನವೇ ಹಳತಾಗುತ್ತದೆ.

ಇಲ್ಲಿ ನಾನು ತಪ್ಪದೆ ಒಬ್ಬ ಮಹನೀಯರ ಕಥೆಯನ್ನು ಹೇಳುತ್ತೇನೆ. 1920ರ ಸೆಪ್ಟೆಂಬರ್ 10ರಂದು ನಮ್ಮ ಹೂವಿನಹಡಗಲಿಯಲ್ಲಿ ತೆಲುಗು ಮಾತಿನ ಮನೆತನವೊಂದರಲ್ಲಿ ಜನಿಸಿದ ಸಿ. ಆರ್. ರಾವ್ ಅವರು, ಗಣಿತದಲ್ಲಿ ಪದವಿಯನ್ನು ಪಡೆದು, ಯುದ್ಧಕಾಲದಲ್ಲಿ ಸೈನ್ಯದ ಮೋಜಣಿ ವಿಭಾಗದ ಕೆಲಸವೊಂದನ್ನು ಅರಸುತ್ತ ಕಲ್ಕತ್ತೆಗೆ ಹೋದರು. ಆ ಕೆಲಸ ದೊರೆಯಲಿಲ್ಲ. ಆದರೆ ತಂಗಿದ್ದ ಕಡೆ ಪರಿಚಯವಾದ ಒಬ್ಬರು, ಪ್ರಶಾಂತ ಚಂದ್ರ ಮಹಾಲನೋಬಿಸರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿಗೆ ಬಂದವರಾಗಿದ್ದರು. ಆ ಪರಿಚಯದ ದಾರಿ ಹಿಡಿದು ರಾಯರು 1941ರ ಆರಂಭದಲ್ಲಿ ಅದೇ ತರಬೇತಿಗೆ ಸೇರಿದರು. ನಾಲ್ಕೇ ವರ್ಷಗಳ ತರುವಾಯ, 1945ರಲ್ಲಿ, ಅವರು ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಇಂದು ಜಗತ್ತಿನ ಎಲ್ಲ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳೂ ಓದುವ ಕ್ರಾಮರ್–ರಾವ್ ಮಿತಿಯೂ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವೂ ಇದ್ದವು. ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದ ಸಂಗತಿ ಇನ್ನೊಂದುಂಟು: ಅಂಥ ಶುದ್ಧ ಸಿದ್ಧಾಂತವನ್ನು ಕಂಡ ಮನುಷ್ಯನು ಕೇಂಬ್ರಿಜ್ಜಿಗೆ ಹೋದಾಗ ಅಲ್ಲಿ ಮೊದಲು ಕೈಗೆತ್ತಿಕೊಂಡ ಕೆಲಸವೆಂದರೆ, ಸುಡಾನಿನಿಂದ ತಂದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಸ್ತುಸಂಗ್ರಹಾಲಯವೊಂದರಲ್ಲಿ ಕುಳಿತು ವಿಶ್ಲೇಷಿಸುವುದು. ಮೂಳೆಯನ್ನು ಅಳೆದ ಕೈಯ ಅಂಕಿ ಮತ್ತು ಪ್ರಮೇಯವನ್ನು ಕಂಡ ಬುದ್ಧಿ ಒಂದೆಡೆ ಸೇರುವುದೇ ಈ ವಿದ್ಯೆಯ ಜೀವಾಳ. ರಾಯರು 2023ರ ಆಗಸ್ಟಿನಲ್ಲಿ, ತುಂಬು ಬಾಳನ್ನು ಬಾಳಿ, ತೀರಿಕೊಂಡರು; ಹೂವಿನಹಡಗಲಿಯ ಹೆಸರು ಈ ಶಾಸ್ತ್ರದ ಚರಿತ್ರೆಯಲ್ಲಿ ಉಳಿಯಿತು.

ಇನ್ನು ದಾರಿಗಳ ವಿಚಾರ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿನ ಮನೆಯವರು ಬಂದರೆ ನಾನು ಮೊದಲು ನೆನಪಿಸುವುದು, ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರವೆಂಬ ವಿಷಯವೊಂದು ಉಂಟೆಂಬುದನ್ನು. ವಿಜ್ಞಾನ ವಿಭಾಗದಲ್ಲಿ ಭೌತ, ರಸಾಯನ, ಗಣಿತಗಳೊಡನೆ ಅದನ್ನು ತೆಗೆದುಕೊಳ್ಳುವ ಪಿಸಿಎಂಎಸ್ ಸಂಯೋಜನೆ ಇದೆ. ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳೊಡನೆ ಅದನ್ನು ಕೂಡಿಸಿದ ಎಸ್‌ಇಬಿಎ ಇದೆ. ಎಲ್ಲ ಕಾಲೇಜುಗಳಲ್ಲಿಯೂ ಇವು ಇರುವುದಿಲ್ಲವಾದ್ದರಿಂದ ಅರ್ಜಿ ಹಾಕುವ ಮುನ್ನ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಇಂಜಿನಿಯರಿಂಗಿನ ಆಸೆಯಿದ್ದರೆ ಭೌತಶಾಸ್ತ್ರವನ್ನೂ ಗಣಿತವನ್ನೂ ಬಿಡುವಂತಿಲ್ಲವೆಂಬುದು ನೆನಪಿರಲಿ. ವಾಣಿಜ್ಯದ ಮಕ್ಕಳು ಈ ವಿದ್ಯೆ ತಮಗಲ್ಲವೆಂದು ತಿಳಿದು ಹಿಂದೆಗೆಯುವುದನ್ನು ಕಂಡು ನಾನು ಬಹಳ ಸಲ ಮರುಗಿದ್ದೇನೆ. ಜಮಾಖರ್ಚಿನ ಪುಸ್ತಕವನ್ನು ನೋಡಿ ಎಲ್ಲಿ ಹಣ ಸೋರುತ್ತಿದೆಯೆಂದು ಕಂಡುಹಿಡಿಯುವ ಕಣ್ಣು ಈ ಕ್ಷೇತ್ರದಲ್ಲಿ ಚಿನ್ನಕ್ಕೆ ಸಮ. ಅವರಿಗೆ ಕೊರತೆಯಾಗುವುದು ಗಣಿತವೊಂದೇ, ಅದನ್ನು ತುಂಬಿಕೊಳ್ಳುವ ದಾರಿಗಳೂ ಇವೆ.

ಪಿಯುಸಿಯ ಅನಂತರ ಜನ ಹೆಚ್ಚಾಗಿ ಮುಗಿಬೀಳುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಬಿ.ಇ. ಶಾಖೆಗಳಿಗೆ. 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ, ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು ಮೊದಲುಗೊಂಡು ನಗರದ ಅನೇಕ ಕಾಲೇಜುಗಳಲ್ಲಿ ದತ್ತಾಂಶ ವಿಜ್ಞಾನದ ಹೆಸರನ್ನು ಹೊತ್ತ ಶಾಖೆಗಳು ಈಚಿನ ವರ್ಷಗಳಲ್ಲಿ ತೆರೆದಿವೆ. ಸಿಇಟಿಯ ಆಯ್ಕೆಪಟ್ಟಿಯನ್ನು ತುಂಬುವಾಗ ಶಾಖೆಯ ಹೆಸರಿಗೆ ಮಾತ್ರ ಮಾರುಹೋಗದೆ, ಆ ಕಾಲೇಜಿನ ಪಠ್ಯಕ್ರಮವನ್ನು ತರಿಸಿಕೊಂಡು, ನಾಲ್ಕು ವರ್ಷಗಳಲ್ಲಿ ಸಂಭವನೀಯತೆ, ಸಂಖ್ಯಾಶಾಸ್ತ್ರ, ರೇಖೀಯ ಬೀಜಗಣಿತಗಳಿಗೆ ಎಷ್ಟು ಪತ್ರಿಕೆಗಳಿವೆಯೆಂದು ಬೆರಳು ಮಡಚಿ ಎಣಿಸಿರಿ. ಒಂದೇ ಪತ್ರಿಕೆಯಲ್ಲಿ ಎಲ್ಲವನ್ನೂ ತುರುಕಿದ್ದರೆ, ಸಾಧಾರಣ ಕಂಪ್ಯೂಟರ್ ಸೈನ್ಸ್ ಶಾಖೆಯನ್ನೇ ಸೇರಿ ಉಳಿದದ್ದನ್ನು ಬೇರೆಡೆ ಕಲಿಯುವುದು ವಾಸಿ.

ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ: ಗಣಿತ, ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನಗಳು ಕೂಡಿದ ಬಿ.ಎಸ್‌ಸಿ. ಪದವಿಯನ್ನು ಜನ ಕಡೆಗಣಿಸುವುದು ನನಗೆ ಸರಿದೋರದು. 2024–25ರಿಂದ ನಮ್ಮ ರಾಜ್ಯವು ಮತ್ತೆ ಮೂರು ವರ್ಷದ ಪದವಿಕ್ರಮಕ್ಕೆ ಮರಳಿದೆ; ಆ ಮೂರು ವರ್ಷಗಳಲ್ಲಿ ತಳಪಾಯವನ್ನು ಗಟ್ಟಿಯಾಗಿ ಹಾಕಿಕೊಂಡು, ಅನಂತರ ಎಂ.ಎಸ್‌ಸಿ. ಸೇರಿದ ವಿದ್ಯಾರ್ಥಿಯು, ಖರ್ಚೂ ಕಡಿಮೆಯಾಗಿ, ಇಂಜಿನಿಯರಿಂಗ್ ಮಿತ್ರನ ಜೊತೆಯಲ್ಲಿಯೇ ಅದೇ ಬಾಗಿಲಿಗೆ ಬಂದು ನಿಲ್ಲುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಇನ್ನೂ ಹೆಚ್ಚಿನ ಗಣಿತಪ್ರೀತಿ ಇರುವ ಮಕ್ಕಳಿಗೆ, ಚಾಮರಾಜಪೇಟೆಯಿಂದ ಮೈಸೂರು ರಸ್ತೆಯನ್ನು ಹಿಡಿದು ಹೊರಟರೆ ಎಂಟನೆಯ ಮೈಲಿಯಲ್ಲಿ ಸಿಗುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ, ಸಿ. ಆರ್. ರಾಯರು ಬೆಳೆದ, ಬೆಳೆಸಿದ ಸಂಸ್ಥೆಯದೇ ಕೊಂಬೆ ಅದು. ಅಲ್ಲಿ ಬಿ.ಮ್ಯಾಥ್. ಪದವಿಯು ಬಹುಕಾಲದಿಂದ ನಡೆಯುತ್ತಿದ್ದು, 2024ರಲ್ಲಿ ಸಂಖ್ಯಾಶಾಸ್ತ್ರೀಯ ದತ್ತಾಂಶ ವಿಜ್ಞಾನವೆಂಬ ನಾಲ್ಕು ವರ್ಷದ ಪದವಿಯೂ ಆರಂಭವಾಗಿದೆ. ಮಲ್ಲೇಶ್ವರದ ಅಂಚಿಗೆ ಹೊಂದಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರ ಬಾಯಲ್ಲಿ ಇನ್ನೂ ಟಾಟಾ ಇನ್ಸ್‌ಟಿಟ್ಯೂಟ್ ಆಗಿರುವ ಆ ತೋಪಿನಲ್ಲಿ, ಗಣನ ಹಾಗೂ ದತ್ತಾಂಶ ವಿಜ್ಞಾನದ ವಿಭಾಗವೇ ಇದ್ದು, ಎಂ.ಟೆಕ್. ಪ್ರವೇಶಕ್ಕೆ ಗೇಟ್ ಪರೀಕ್ಷೆಯನ್ನು ಬರೆಯಬೇಕು. ಆ ಪರೀಕ್ಷೆಯಲ್ಲಿಯೂ 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆ ಬಂದಿದೆ. ಅದರ ಪಠ್ಯಪಟ್ಟಿಯನ್ನು ಒಮ್ಮೆ ಓದಿದರೆ, ಪರಿಣತರು ಈ ವಿದ್ಯೆಗೆ ಏನನ್ನು ಅಡಿಪಾಯವೆಂದು ಭಾವಿಸಿದ್ದಾರೆಂಬುದು ತಾನಾಗಿ ತಿಳಿಯುತ್ತದೆ. ಸಂಭವನೀಯತೆ, ರೇಖೀಯ ಬೀಜಗಣಿತ, ಕಲನಶಾಸ್ತ್ರಗಳು ಅಲ್ಲಿ ಮೊದಲಿಗೆ ನಿಂತಿವೆ.

ಮನೆಯಲ್ಲಿದ್ದುಕೊಂಡೇ, ಅಥವಾ ಬೇರೊಂದು ಪದವಿಯನ್ನು ಓದುತ್ತಲೇ ಕಲಿಯಬಯಸುವವರಿಗೆ ಮದರಾಸಿನ ಐ.ಐ.ಟಿ.ಯು 2020ರಲ್ಲಿ ಆರಂಭಿಸಿದ ಪದವಿಯು ಒಳ್ಳೆಯ ಆಸರೆ. ಪಿಯುಸಿಯನ್ನು ಯಾವ ವಿಭಾಗದಲ್ಲಿ ತೇರ್ಗಡೆಯಾಗಿದ್ದರೂ ಸರಿ, ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ನಾಲ್ಕು ವಾರಗಳ ಪಾಠವನ್ನು ಮೊದಲು ಕೊಟ್ಟು, ಅದರ ಮೇಲೆಯೇ ಅರ್ಹತಾ ಪರೀಕ್ಷೆಯನ್ನು ನಡೆಸುತ್ತಾರೆ, ಆದ್ದರಿಂದ ಕೋಚಿಂಗಿನ ಹಂಗಿಲ್ಲ. ಪಾಠಗಳು ಅಂತರ್ಜಾಲದಲ್ಲಿ, ಮುಖ್ಯ ಪರೀಕ್ಷೆಗಳು ಕೇಂದ್ರಕ್ಕೆ ಹೋಗಿ ಕುಳಿತು ಬರೆಯತಕ್ಕವು. ಬುನಾದಿಯ ಎಂಟು ಪತ್ರಿಕೆಗಳಲ್ಲಿ ಗಣಿತಕ್ಕೆ ಎರಡು, ಸಂಖ್ಯಾಶಾಸ್ತ್ರಕ್ಕೆ ಎರಡು, ಇಂಗ್ಲಿಷಿಗೆ ಎರಡು; ಇದನ್ನು ನೋಡಿಯೇ ನನಗೆ ಆ ಕ್ರಮದ ಮೇಲೆ ವಿಶ್ವಾಸ ಹುಟ್ಟಿತು. ನಡುವೆ ಬಿಟ್ಟವರಿಗೂ ಮುಗಿಸಿದಷ್ಟಕ್ಕೆ ಪ್ರಮಾಣಪತ್ರವಿದೆ, ಆದಾಯ ಕಡಿಮೆಯಿರುವ ಮನೆಯವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಒಂದೊಂದೇ ವಿಷಯವನ್ನು ಕಲಿಯುವುದಾದರೆ ಕೇಂದ್ರ ಸರಕಾರದ ಸ್ವಯಂ ತಾಣದ ಪಾಠಗಳನ್ನು ಹಣ ಕೊಡದೆ ನೋಡಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಯ ಶುಲ್ಕವನ್ನು ಕಟ್ಟುತ್ತಾರೆ. ಪದವಿ ಮುಗಿಸಿ ಬೇಗನೆ ಕೆಲಸಕ್ಕೆ ಹೊರಡಬೇಕಾದ ಇಂಜಿನಿಯರುಗಳಿಗೆ ಸಿ-ಡ್ಯಾಕ್ ಸಂಸ್ಥೆಯ ಬಿಗ್ ಡೇಟಾ ಅನಲಿಟಿಕ್ಸ್ ಸ್ನಾತಕೋತ್ತರ ಡಿಪ್ಲೊಮಾ, ಸುಮಾರು ಆರು ತಿಂಗಳ ಕಠಿನ ದುಡಿಮೆಯದು, ಬೆಂಗಳೂರಿನಲ್ಲಿಯೇ ಲಭ್ಯ. ಅದರ ಪ್ರವೇಶ ಪರೀಕ್ಷೆಯು ವರ್ಷಕ್ಕೆರಡು ಸಲ ನಡೆಯುತ್ತದೆ.

ಕಲಿಯತಕ್ಕ ಕ್ರಮವೇನು? ಗಣಿತ ಮೊದಲು, ಸಂಖ್ಯಾಶಾಸ್ತ್ರ ಅದರ ಜೊತೆಜೊತೆಗೆ, ಪೈಥಾನ್ ಅಥವಾ ಆರ್ ಭಾಷೆಗಳಲ್ಲಿ ಒಂದು, ಕೋಷ್ಟಕಗಳಿಂದ ಬೇಕಾದ್ದನ್ನು ಹೆಕ್ಕಿ ತೆಗೆಯುವ ಎಸ್‌ಕ್ಯುಎಲ್. ಇವು ಕೈಗೆ ಹತ್ತಿದ ಮೇಲೆ ಯಂತ್ರಕಲಿಕೆ. ಹಡೂಪು ಸ್ಪಾರ್ಕುಗಳು ಕೊನೆಗೆ. ಈ ತಂತ್ರಾಂಶಗಳಿಗೆಲ್ಲ ಬಿಡಿಕಾಸನ್ನೂ ಕೊಡಬೇಕಾಗಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ನಾನು ಹೇಳುವ ಉಪಾಯವೊಂದಿದೆ: ನೋಟ್‌ಬುಕ್ಕಿನ ಎಡಪುಟದಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದವನ್ನೂ, ಬಲಪುಟದಲ್ಲಿ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಸಹಸಂಬಂಧ ಎಂಬ ಕನ್ನಡದ ಪದವನ್ನೂ, ಅದರ ಕೆಳಗೆ ಮನೆಯ ಅಜ್ಜಿಗೂ ತಿಳಿಯುವಂಥ ಒಂದು ವಾಕ್ಯವನ್ನೂ ಬರೆಯಬೇಕು. ಆ ವಾಕ್ಯವು ಹುಟ್ಟದಿದ್ದರೆ ವಿಷಯವು ತಿಳಿದಿಲ್ಲವೆಂದೇ ಅರ್ಥ. ಹತ್ತು ಮನೆಗಳ ಬೀದಿಯಲ್ಲಿ ಒಂಬತ್ತು ಮನೆಗಳ ತಿಂಗಳ ವರಮಾನ 50,000 ರೂಪಾಯಿ, ಹತ್ತನೆಯದು 15,50,000 ಎಂದಿಟ್ಟುಕೊಳ್ಳಿ. ಸರಾಸರಿಯು 2,00,000 ಎನ್ನುತ್ತದೆ, ಆ ಬೀದಿಯಲ್ಲಿ 2,00,000 ವರಮಾನದ ಮನೆ ಒಂದೂ ಇಲ್ಲ. ಮಧ್ಯಾಂಕವು 50,000 ಎನ್ನುತ್ತದೆ, ಅದು ಒಂಬತ್ತು ಮನೆಗಳ ಮಾತು. ಇಷ್ಟನ್ನು ಅಜ್ಜಿಗೆ ಹೇಳಬಲ್ಲ ಹುಡುಗನು ಅರ್ಧ ದಾರಿ ನಡೆದ ಹಾಗೆ.

ಓದಲು ಸ್ಥಳವಿಲ್ಲವೆಂಬ ಮಾತನ್ನು ಈ ಬಡಾವಣೆಗಳವರು ಹೇಳಬಾರದು. ಬಿ. ಪಿ. ವಾಡಿಯಾ ರಸ್ತೆಯಲ್ಲಿ ವಿಶ್ವಸಂಸ್ಕೃತಿ ಸಂಸ್ಥೆಯ ಗ್ರಂಥಾಲಯವಿದೆ, ನರಸಿಂಹರಾಜ ಕಾಲೊನಿಯಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆಯಿದೆ. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತ ಸಂಜೆಗಳನ್ನು ನಾನು ಮರೆಯಲಾರೆ; ಭಾಷಣಕ್ಕಿಂತ ಅನಂತರದ ಪ್ರಶ್ನೆಗಳಿಗೆ ಅಲ್ಲಿ ಬೆಲೆ ಹೆಚ್ಚು. ಖಾದಿಯುಟ್ಟು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದ ಆ ಭೌತವಿಜ್ಞಾನಿ ಜೀವಮಾನವೆಲ್ಲ ಬೋಧಿಸಿದ್ದು ಪರೀಕ್ಷಿಸದೆ ಒಪ್ಪಬಾರದೆಂಬುದನ್ನೇ. ದತ್ತಾಂಶದ ಕೆಲಸಕ್ಕೆ ಹೊರಟವನಿಗೆ ಇದಕ್ಕಿಂತ ದೊಡ್ಡ ದೀಕ್ಷೆ ಬೇರಿಲ್ಲ.

ಏಕೆಂದರೆ ರಾಶಿಯು ದೊಡ್ಡದಾದ ಮಾತ್ರಕ್ಕೆ ನಿಜವಾಗುವುದಿಲ್ಲ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆಗೆ ಹೋದವರೆಲ್ಲ ಬಲ್ಲರು: ಗುಡ್ಡೆಯ ಮೇಲ್ಭಾಗದ ಕಾಯಿ ಯಾವಾಗಲೂ ದುಂಡಗೆ, ತುಂಬಿಕೊಂಡು ಇರುತ್ತದೆ. ತಿಳಿದ ಗೃಹಿಣಿಯು ಮೇಲಿಂದ ಒಂದು ಬೊಗಸೆಯನ್ನು ಎತ್ತುವುದಿಲ್ಲ. ಮೊಣಕೈವರೆಗೆ ಕೈಯನ್ನು ಗುಡ್ಡೆಯೊಳಕ್ಕೆ ಇಳಿಸಿ, ಅಡಿಯಿಂದ ನಾಲ್ಕು, ಪಕ್ಕದಿಂದ ನಾಲ್ಕು ಕಾಯಿಗಳನ್ನು ತೆಗೆದು ಒಡೆದು ನೋಡುತ್ತಾಳೆ. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕಾಗುವುದು, ಕುದಿಯುವ ನೀರು ಅಗುಳುಗಳನ್ನೆಲ್ಲ ಮೇಲೆ ಕೆಳಗೆ ಕಲಸಿರುವುದರಿಂದ. ಕಡಲೆಕಾಯಿಯ ಗುಡ್ಡೆಯನ್ನು ಯಾರೂ ಹಾಗೆ ಕಲಸಿರುವುದಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಚೀಟಿಗಳನ್ನು ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುವರೆಂದು ಸಾರಿತು. ಅವರು 48 ಸಂಸ್ಥಾನಗಳಲ್ಲಿ 46ನ್ನು ಗೆದ್ದರು. ಟೆಲಿಫೋನು, ಮೋಟಾರು ಇದ್ದವರ ಪಟ್ಟಿಗಳಿಂದ ಆರಿಸಿದ ಹೆಸರುಗಳು, ಅವರಲ್ಲಿಯೂ ಉತ್ತರ ಬರೆಯುವ ಉಮೇದು ಇದ್ದವರು. ಅದು ಗುಡ್ಡೆಯ ಮೇಲಣ ಬೊಗಸೆ. ಮೊಬೈಲಿನಿಂದ ಬಂದ ಕೋಟಿ ಅಂಕಿಗಳನ್ನು ಕಂಡಾಗಲೂ, ಮೊಬೈಲಿಲ್ಲದವನು ಎಲ್ಲಿ ಹೋದನೆಂದು ಕೇಳಬಲ್ಲ ವಿದ್ಯಾರ್ಥಿ ಬೇಕು.

ಈ ವೃತ್ತಿಯಲ್ಲಿ ಹೊತ್ತಿನ ಬಹುಪಾಲು ಹೋಗುವುದು ಕಸ ಗುಡಿಸುವುದರಲ್ಲಿ, ಅಂದರೆ ದತ್ತಾಂಶವನ್ನು ಶುದ್ಧಗೊಳಿಸುವುದರಲ್ಲಿ. ನನ್ನ ಬಳಿ ಬರುವವರಿಗೆ ನಾನು ಕೊಡುವ ಮೊದಲ ಅಭ್ಯಾಸ ಇದು: ನೂರು ವಿಳಾಸಗಳ ಒಂದು ಪಟ್ಟಿ, ಹೆಸರುಗಳೆಲ್ಲ ಕಲ್ಪಿತ. ಅದರಲ್ಲಿ ಮಲ್ಲೇಶ್ವರ, ಮಲ್ಲೇಶ್ವರಂ, ಮಲ್ಲೇಸ್ವರಂ, ಮಲ್ಲೇಶ್ವರಮ್ ಎಂದು ಒಂದೇ ಊರು ನಾಲ್ಕು ವೇಷದಲ್ಲಿರುತ್ತದೆ. ಕೆ. ಎಸ್. ನಾಗರಾಜ, ನಾಗರಾಜ ಕೆ. ಎಸ್., ನಾಗರಾಜರಾವ್ ಇವರು ಒಬ್ಬರೇ ಅಥವಾ ಮೂವರೇ ಎಂಬುದನ್ನು ವಿಳಾಸ, ವಯಸ್ಸುಗಳನ್ನು ನೋಡಿ ನಿರ್ಧರಿಸಬೇಕು. 5–8 ಎಂದು ಬರೆದ ದಿನವು ಆಗಸ್ಟ್ ಐದೋ ಮೇ ಎಂಟೋ? ಕೆಲವು ಸಾಲುಗಳು ಕನ್ನಡದಲ್ಲಿಯೇ ಇದ್ದರೂ ಯಂತ್ರವು ಅವನ್ನು ಕನ್ನಡವೆಂದು ಗುರುತಿಸುವುದಿಲ್ಲ, ಏಕೆಂದರೆ ಅವು ಯೂನಿಕೋಡ್ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ, ಒಳಗೆ ಇಂಗ್ಲಿಷ್ ಸಂಕೇತಗಳನ್ನೇ ಇಟ್ಟುಕೊಂಡು, ಕಣ್ಣಿಗೆ ಮಾತ್ರ ಕನ್ನಡವಾಗಿ ಕಾಣುವಂತೆ ಬೆರಳಚ್ಚಾದವು. ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ, ತಿರುಗಿಸುವಾಗ ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಸಾಲುಸಾಲಾಗಿ ನೋಡುವ ಕೆಲಸವನ್ನು ಕನ್ನಡ ಬಲ್ಲವನಲ್ಲದೆ ಬೇರಾರೂ ಮಾಡಲಾರರು. ನಮ್ಮ ನಾಡಿನ ಕಡತಗಳಲ್ಲಿ ಇಂಥ ಕೆಲಸ ಬೆಟ್ಟದಷ್ಟು ಬಿದ್ದಿದೆ. ಕನ್ನಡ ಮಾಧ್ಯಮದ ಮಗುವು ತನ್ನ ಕೊರತೆಯೆಂದುಕೊಂಡದ್ದು ಇಲ್ಲಿ ಬಂಡವಾಳವಾಗುತ್ತದೆ.

ಒಂದು ಎಚ್ಚರಿಕೆಯನ್ನು ನೋವಿನಿಂದ ಬರೆಯುತ್ತೇನೆ. ನಮ್ಮ ಬಂಧುಗಳ ಹುಡುಗನೊಬ್ಬನು, ಉದ್ಯೋಗ ಖಚಿತವೆಂದು ಹೇಳಿಕೊಂಡ ಒಂದು ತರಬೇತಿ ಕೇಂದ್ರಕ್ಕೆ ಸೇರುವಾಗ, ಶುಲ್ಕವನ್ನು ಕಂತುಗಳಲ್ಲಿ ಕಟ್ಟುತ್ತಿದ್ದೇನೆಂದು ತಿಳಿದು ಮೊಬೈಲಿನ ಪರದೆಯ ಮೇಲೆಯೇ ಒಪ್ಪಿಗೆಯನ್ನು ಒತ್ತಿದನು. ಅದು ಕಂತಲ್ಲ, ಬೇರೊಂದು ಹಣಕಾಸು ಸಂಸ್ಥೆಯಿಂದ ಅವನ ಹೆಸರಿನಲ್ಲಿ ಎತ್ತಿದ ಸಾಲ. ಎರಡು ತಿಂಗಳಲ್ಲಿ ಪಾಠ ಹೇಳುವವರು ಬದಲಾದರು, ಮೂರನೆಯ ತಿಂಗಳಲ್ಲಿ ಅವನು ಬಿಟ್ಟನು. ಸಾಲದ ಕಂತು ಮಾತ್ರ ಬಿಡಲಿಲ್ಲ, ಅವನ ತಾಯಿ ಅದನ್ನು ಒಂದೂವರೆ ವರ್ಷ ಕಟ್ಟಿದರು. ಆದ್ದರಿಂದ ಹಣ ಕೊಡುವ ಮುನ್ನ ಕಾಗದದ ಮೇಲೆ ಕೇಳಿ ಪಡೆಯಿರಿ: ಪಾಠ ಹೇಳುವವರು ಯಾರು, ಅವರ ವಿದ್ಯಾರ್ಹತೆ ಏನು, ನಡುವೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ, ಸಾಲವಾದರೆ ಕೊಡುವವರು ಯಾರು, ಬಡ್ಡಿ ಎಷ್ಟು, ಉದ್ಯೋಗದ ಭರವಸೆಯ ಷರತ್ತುಗಳೇನು. ಪ್ರಮಾಣಪತ್ರದಲ್ಲಿ ವಿಶ್ವವಿದ್ಯಾನಿಲಯದ ಹೆಸರಿದ್ದರೆ ಆ ಕೋರ್ಸನ್ನು ನಡೆಸುವವರು ನಿಜವಾಗಿ ಅವರೇ ಎಂಬುದನ್ನೂ, ಅಂತರ್ಜಾಲದ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆಯ ಪಟ್ಟಿಯಲ್ಲಿ ಅದು ಇದೆಯೇ ಎಂಬುದನ್ನೂ ನೋಡಿರಿ. ಇಷ್ಟನ್ನು ಕೇಳಿದಾಗ ಮುಖ ಸಿಂಡರಿಸುವ ಕಡೆಯಿಂದ ಎದ್ದುಬರುವುದೇ ಲೇಸು.

ಅನ್ಯರ ಅಂಕಿಗಳನ್ನು ಕೈಯಲ್ಲಿ ಹಿಡಿಯುವವನಿಗೆ ಎರಡು ಭಯಗಳಿರಬೇಕು. ಒಂದು, ಕಳೆದುಹೋದೀತೆಂಬ ಭಯ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ರಾಂಪುರವೆಂದು ತಾವು ಕರೆದ ಹಳ್ಳಿಯಲ್ಲಿ ನೆಲೆಸಿ ಸಂಗ್ರಹಿಸಿದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ ಮೂರು ಪ್ರತಿಗಳನ್ನು ಮಾಡಿದ್ದರು; 1970ರ ಏಪ್ರಿಲಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಮೂರೂ ಸುಟ್ಟವು, ಮೂರೂ ಒಂದೇ ಕಟ್ಟಡದಲ್ಲಿದ್ದುದರಿಂದ. ನೆನಪಿನಿಂದಲೇ ಅವರು ಬರೆದ ಗ್ರಂಥವು ಅಮರವಾಯಿತು, ಆದರೆ ಅಂಥ ನೆನಪು ನಮಗೆಲ್ಲಿ? ಪ್ರತಿಗಳನ್ನು ಬೇರೆಬೇರೆ ಕಡೆ ಇಡಿರಿ. ಇನ್ನೊಂದು, ಯಾರದೋ ಗುಟ್ಟು ನಮ್ಮಿಂದ ಬಯಲಾದೀತೆಂಬ ಭಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತರ ಮೇಲಿನ ವಯಸ್ಸಿನಲ್ಲಿ, 2012ರಲ್ಲಿ ಹೂಡಿದ ದಾವೆಯ ಫಲವಾಗಿಯೇ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ ಕಾಯಿದೆಯೂ ಬಂದಿತು. ಪಠ್ಯಕ್ರಮದಲ್ಲಿ ಇವೆರಡನ್ನೂ ಒಂದು ಅಧ್ಯಾಯದಲ್ಲಿ ಮುಗಿಸಿಬಿಡುತ್ತಾರೆ. ವಿದ್ಯಾರ್ಥಿಯು ತಾನಾಗಿ ಓದಿಕೊಳ್ಳಬೇಕು.

ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರಮಾಣಪತ್ರಗಳ ಸರಮಾಲೆಗಿಂತ, ತಾನೇ ಆರಿಸಿ ತಾನೇ ಮುಗಿಸಿದ ಒಂದು ಸಣ್ಣ ಅಧ್ಯಯನಕ್ಕೆ ತೂಕ ಹೆಚ್ಚೆಂಬುದು ನನ್ನ ಅನುಭವ. ಎಲ್ಲರೂ ಮಾಡುವ ವಿದೇಶದ ಸಿದ್ಧ ಕಡತಗಳನ್ನು ಬಿಟ್ಟು, ತನ್ನ ಊರಿನದೊಂದನ್ನು ಹಿಡಿಯಬೇಕು. ಕಳೆದ ಮಳೆಗಾಲದಲ್ಲಿ, ಚಾಮರಾಜಪೇಟೆಯ ಹಾಸ್ಟೆಲಿನಲ್ಲಿದ್ದು ಬಿ.ಎಸ್‌ಸಿ. ಓದುತ್ತಿರುವ ಹುಡುಗಿಯೊಬ್ಬಳು ನನ್ನ ಹತ್ತಿರ ಬರುತ್ತಿದ್ದಳು. ತನ್ನ ಅಜ್ಜನ ಊರು ತೀರ್ಥಹಳ್ಳಿಯ ಕಡೆಯದೆಂದು, ಅಲ್ಲಿನ ಹೋಬಳಿಯ ದಿನದಿನದ ಮಳೆಯ ಅಂಕಿಗಳನ್ನು ಸಂಪಾದಿಸಿ ತಂದಳು. ಒಂದು ವರ್ಷದ ಆಗಸ್ಟ್ ತಿಂಗಳ ಒಟ್ಟು ಮಳೆ 600 ಮಿಲಿಮೀಟರ್. 31ರಿಂದ ಭಾಗಿಸಿ ದಿನದ ಸರಾಸರಿ 19.4 ಎಂದು ಬರೆದಿದ್ದಳು. ನಾನು ಹಾಳೆಯನ್ನು ನೋಡಿದೆ: ತಿಂಗಳ ನಡುವೆ 11 ದಿನ ಸಾಲಾಗಿ ಸೊನ್ನೆ.

“ಆಶ್ಲೇಷಾ ಮಳೆಯಲ್ಲಿ ಮಲೆನಾಡಿನಲ್ಲಿ ಹನ್ನೊಂದು ದಿನ ಹನಿಯೂ ಬೀಳಲಿಲ್ಲವೇನಮ್ಮಾ?” ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ಅಲ್ಲಿಂದಲೇ ಅಜ್ಜನಿಗೆ ಫೋನು ಮಾಡಿದಳು. ಆ ಹಿರಿಯರು ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಮಳೆಯನ್ನೂ ಗುರುತು ಹಾಕಿಕೊಳ್ಳುವ ಅಭ್ಯಾಸದವರು; ಹಳೆಯ ಕ್ಯಾಲೆಂಡರುಗಳನ್ನು ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಮರುದಿನ ಅವರು ಒಂದೊಂದೇ ಚೌಕವನ್ನು ಓದಿ ಹೇಳಿದರು. ಸೊನ್ನೆಯೆಂದು ದಾಖಲಾದ ಆ ಹನ್ನೊಂದು ದಿನಗಳಲ್ಲಿ ಒಂಬತ್ತರ ಚೌಕಗಳಲ್ಲಿ ‘ಮಳೆ’, ‘ಜೋರು’, ‘ಗದ್ದೆಗೆ ಹೋಗಲಿಲ್ಲ’ ಎಂದಿತ್ತು. ಎರಡರಲ್ಲಿ ಏನೂ ಬರೆದಿರಲಿಲ್ಲ. ಮಾಪಕ ಕೆಟ್ಟಿದ್ದಿತೋ, ಯಾರೋ ಖಾಲಿ ಜಾಗವನ್ನು ಸೊನ್ನೆಯಿಂದ ತುಂಬಿದರೋ ತಿಳಿಯದು. ಮಳೆ ಬೀಳಲಿಲ್ಲವೆಂಬುದೂ ಮಳೆಯನ್ನು ಅಳೆಯಲಿಲ್ಲವೆಂಬುದೂ ಆ ಹಾಳೆಯಲ್ಲಿ ಒಂದೇ ಅಂಕಿಯಾಗಿ ಕುಳಿತಿದ್ದವು. ಅವಳು ಹನ್ನೊಂದು ಸೊನ್ನೆಗಳನ್ನೂ ಅಳಿಸಿ ಖಾಲಿ ಬಿಟ್ಟು, ಕಾರಣವನ್ನು ಅಂಚಿನಲ್ಲಿ ಬರೆದು, ಉಳಿದ 20 ದಿನಗಳಿಂದ ಭಾಗಿಸಿ 30 ಎಂದು ತಿದ್ದಿದಳು. ಖಾಲಿ ಬಿಟ್ಟ ದಿನಗಳು ಆ 20ರಂಥವೇ ಎಂದು ಹೇಗೆ ಹೇಳುವುದು ಎಂದು ತಾನಾಗಿಯೇ ಸಂಶಯಪಟ್ಟು ಆ 30ರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದಳು. ದೀಪಾವಳಿಗೆ ಊರಿಗೆ ಹೋದವಳು ಅಟ್ಟದ ಮೇಲಣ ಕ್ಯಾಲೆಂಡರುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬಂದಿದ್ದಾಳೆ. ಇಪ್ಪತ್ತಮೂರು ವರ್ಷದವು ಇವೆ, ಎರಡನ್ನು ಇಲಿ ತಿಂದಿದೆ.